ತೂಕ ಇಳಿಕೆಯ ಲೆಕ್ಕ: ತಕ್ಕಡಿಯಿಂದ ಸಮಸ್ಥಾನಿಗಳವರೆಗೆ

2006ರ ಮಾತು. ಪದವಿ ತರಗತಿಯಲ್ಲಿ ಉಷ್ಣಗತಿವಿಜ್ಞಾನದ ಮೊದಲನೆಯ ನಿಯಮದ ಪಾಠ ಮುಗಿಸಿ ಬಂದು ಕುಳಿತಿದ್ದೆ. ವಿದ್ಯಾರ್ಥಿನಿಯೊಬ್ಬಳು ಗ್ರಾಫ್ ಹಾಳೆಯೊಂದನ್ನು ಹಿಡಿದು ಒಳಗೆ ಬಂದಳು. ಹಾಸ್ಟೆಲಿನಲ್ಲಿದ್ದ ಆಕೆ ತೂಕ ಇಳಿಸಬೇಕೆಂದು ಐದು ತಿಂಗಳಿಂದ ರಾತ್ರಿಯ ಊಟ ಬಿಟ್ಟಿದ್ದಳು. ಒಂದು ಕಿಲೋಗ್ರಾಂ ಇಳಿಯಲು 7,700 ಕಿಲೊಕ್ಯಾಲರಿ ಕಡಿಮೆಯಾಗಬೇಕು ಎಂದು ಎಲ್ಲೋ ಓದಿ, ವಾರಕ್ಕೆ ಅರ್ಧ ಕಿಲೋ ಇಳಿಯುವುದೆಂದು ಲೆಕ್ಕ ಹಾಕಿ, ಹಾಳೆಯ ಮೇಲೆ ಒಂದು ಸರಳರೇಖೆ ಎಳೆದಿದ್ದಳು. ಪ್ರತಿ ಭಾನುವಾರ ತೂಕ ನೋಡಿ ಒಂದೊಂದು ಚುಕ್ಕಿ ಇಟ್ಟಿದ್ದಳು. ಮೊದಲ ಎರಡು ವಾರಗಳಲ್ಲಿ ಚುಕ್ಕಿಗಳು ರೇಖೆಗಿಂತ ಕೆಳಗೇ ಇದ್ದವು. ಅನಂತರ ಮೆಲ್ಲಗೆ ಮೇಲಕ್ಕೆ ಬಾಗಿ, ಇಪ್ಪತ್ತನೆಯ ವಾರದ ಹೊತ್ತಿಗೆ ಹತ್ತು ಕಿಲೋ ಇಳಿಯಬೇಕಾದಲ್ಲಿ ಐದು ಕಿಲೋ ಮಾತ್ರ ಇಳಿದಿತ್ತು.

"ಸರ್, ಒಂದೋ ನನ್ನ ಮೈಯಲ್ಲಿ ಮೊದಲನೇ ನಿಯಮ ನಡೀತಿಲ್ಲ, ಇಲ್ಲಾ ನಾನು ಸುಳ್ಳು ಬರೆದಿದೀನಿ. ನಾನಂತೂ ಸುಳ್ಳು ಬರೆದಿಲ್ಲ" ಎಂದಳು.

"ನಿಯಮ ತಪ್ಪೋದಿಲ್ಲಮ್ಮ. ತಿಂದದ್ದನ್ನ ಎಲ್ಲೋ ಬರೆಯೋದು ಬಿಟ್ಟಿರಬೇಕು, ಸರಿಯಾಗಿ ನೋಡು" ಎಂದೆ ನಾನು. ಆಕೆ ಹಾಳೆಯನ್ನು ಮಡಚಿಕೊಂಡು ಹೊರಟುಹೋದಳು.

ನನ್ನ ಉತ್ತರದಲ್ಲಿ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು. ಯಾವ ಅರ್ಧ ತಪ್ಪು ಎಂಬುದು ನನಗೆ ತಿಳಿದದ್ದು ಹಲವು ವರ್ಷಗಳ ಮೇಲೆ. ದೇಹದ ಶಕ್ತಿಯ ಆಯವ್ಯಯವನ್ನು ಅಳೆಯಲು ಹೊರಟವರ ನಾನೂರು ವರ್ಷಗಳ ಇತಿಹಾಸದಲ್ಲಿ ಅದಕ್ಕೆ ಉತ್ತರವಿದೆ.

ತಕ್ಕಡಿಯ ಮೇಲಿನ ವೈದ್ಯ

ಈ ಕಥೆ ಆರಂಭವಾಗುವುದು ಇಟಲಿಯಲ್ಲಿ. ಪಡುವಾ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಸಾಂಟೋರಿಯೊ (1561-1636) ಗೆಲಿಲಿಯೊನ ಪರಿಚಿತ. ಅಳೆಯಬಹುದಾದುದನ್ನೆಲ್ಲ ಅಳೆದೇ ತಿಳಿಯಬೇಕೆಂಬ ಹೊಸ ಗಾಳಿ ಅವನಿಗೂ ಸೋಕಿತ್ತು. ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು ಊಟಕ್ಕೆ ಮೊದಲು, ಊಟವಾದ ಮೇಲೆ, ನಿದ್ರೆಯ ನಂತರ ತನ್ನ ತೂಕವನ್ನು ನೋಡಿಕೊಂಡ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿದ. ಇದು ಸುಮಾರು ಮೂವತ್ತು ವರ್ಷ ನಡೆಯಿತೆಂದು ಹೇಳುತ್ತಾರೆ. ಫಲಿತಾಂಶಗಳು 1614ರಲ್ಲಿ ಪುಸ್ತಕವಾಗಿ ಹೊರಬಂದವು.

ಅವನ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡುಬಂತು. ದಿನಕ್ಕೆ ಎಂಟು ಪೌಂಡು ಆಹಾರ ಮತ್ತು ಪಾನೀಯ ಒಳಹೋದರೆ, ಅದರಲ್ಲಿ ಐದು ಪೌಂಡಿನಷ್ಟು ಕಣ್ಣಿಗೆ ಕಾಣದೆಯೇ ಮಾಯವಾಗುತ್ತಿತ್ತು. ಚರ್ಮದಿಂದಲೂ ಉಸಿರಿನಿಂದಲೂ ಹೊರಹೋಗುವ ಇದನ್ನು ಸಾಂಟೋರಿಯೊ 'ಅಗೋಚರ ಬೆವರು' ಎಂದು ಕರೆದ. ಅದರಲ್ಲಿ ನೀರಿನ ಆವಿಯಷ್ಟೇ ಅಲ್ಲ, ಒಂದು ಅನಿಲವೂ ಇದೆ ಎಂದು ತಿಳಿಯಲು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ಅನಿಲಗಳ ರಸಾಯನವಿಜ್ಞಾನ ಇನ್ನೂ ಹುಟ್ಟಿರಲಿಲ್ಲ.

ಉಸಿರೆಂದರೆ ನಿಧಾನ ದಹನ

ಆ ಅನಿಲದ ಗುಟ್ಟು ಬಯಲಾದದ್ದು ಪ್ಯಾರಿಸಿನಲ್ಲಿ. 1782-83ರ ಚಳಿಗಾಲದಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಂದರಲ್ಲಿ ಗಿನಿಯಿಲಿಯನ್ನು ಇರಿಸಿದರು. ಅದರ ಮೈಶಾಖದಿಂದ ಹತ್ತು ಗಂಟೆಗಳಲ್ಲಿ ಸುಮಾರು 13 ಔನ್ಸ್ ಮಂಜು ಕರಗಿತು. ಅಷ್ಟೇ ಅವಧಿಯಲ್ಲಿ ಪ್ರಾಣಿ ಹೊರಬಿಡುವ ಕಾರ್ಬನ್ ಡೈಆಕ್ಸೈಡನ್ನು ಇದ್ದಿಲು ಉರಿಸಿ ಪಡೆದಿದ್ದರೆ ಹತ್ತೂವರೆ ಔನ್ಸಿನ ಆಸುಪಾಸು ಮಂಜು ಕರಗುತ್ತಿತ್ತು. ಎರಡೂ ಅಂಕಿಗಳು ಒಂದೇ ಅಲ್ಲದಿದ್ದರೂ ಹತ್ತಿರದವು. ಉಸಿರಾಟವೂ ಒಂದು ಬಗೆಯ ದಹನ, ಜ್ವಾಲೆಯಿಲ್ಲದ ನಿಧಾನ ದಹನ ಎಂಬ ತೀರ್ಮಾನಕ್ಕೆ ಅವರು ಬಂದರು.

ಮುಂದೆ ಲವಾಸಿಯೆ ತನ್ನ ಸಹಾಯಕ ಸೆಗೆನ್‌ನ ಮುಖಕ್ಕೆ ಮುಸುಕು ಕಟ್ಟಿ, ಅವನು ಸೇವಿಸುವ ಆಕ್ಸಿಜನ್ನನ್ನು ಅಳೆದ. ಚಳಿಯಲ್ಲಿ, ಊಟದ ನಂತರ, ಕಾಲಿನಿಂದ ಭಾರ ಎತ್ತುವಾಗ ಆಕ್ಸಿಜನ್ ಬಳಕೆ ಏರುತ್ತಿತ್ತು. ಊಟ ಮತ್ತು ದುಡಿಮೆ ಎರಡೂ ಕೂಡಿದಾಗ ಅದು ವಿಶ್ರಾಂತಿಯ ಮೂರು ಪಟ್ಟಿಗೂ ಹೆಚ್ಚಾಯಿತು. ಇಂದು ನಾವು ಹೇಳುವ ಮೂಲ ಉಪಾಪಚಯ, ಆಹಾರದಿಂದ ಹುಟ್ಟುವ ಶಾಖ, ದೈಹಿಕ ಚಟುವಟಿಕೆ ಎಂಬ ಮೂರು ಖರ್ಚುಗಳೂ ಆ ಪ್ರಯೋಗದಲ್ಲೇ ಇಣುಕಿದ್ದವು. 1794ರ ಮೇ 8ರಂದು ಕ್ರಾಂತಿಯ ಗಿಲೊಟಿನ್ ಲವಾಸಿಯೆಯ ತಲೆ ತೆಗೆಯಿತು. ಆ ಕೆಲಸ ಅಲ್ಲಿಗೇ ನಿಂತಿತು.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಹಲವರು 'ಶಕ್ತಿಯಾಗಿ ಪರಿವರ್ತನೆಯಾಗುತ್ತದೆ' ಎನ್ನುತ್ತಾರೆ. ಭೌತವಿಜ್ಞಾನದ ವಿದ್ಯಾರ್ಥಿ ಇದನ್ನು ಒಪ್ಪುವಂತಿಲ್ಲ. ಒಂದು ಕಿಲೋಗ್ರಾಂ ದ್ರವ್ಯರಾಶಿ ನಿಜಕ್ಕೂ ಶಕ್ತಿಯಾದರೆ ದೊರೆಯುವುದು 9ರ ಮುಂದೆ 16 ಸೊನ್ನೆಗಳಷ್ಟು ಜೂಲ್. ಹಿರೋಷಿಮಾದ ಬಾಂಬಿನ ಸಾವಿರಕ್ಕೂ ಹೆಚ್ಚು ಪಟ್ಟು. ನಮ್ಮ ಮೈಯಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ ಮಾತ್ರ. ಪರಮಾಣುಗಳೆಲ್ಲ ಹಾಗೆಯೇ ಉಳಿಯುತ್ತವೆ. ಕೊಬ್ಬಿನ ಒಂದು ಸರಾಸರಿ ಅಣುವಿನಲ್ಲಿ 55 ಕಾರ್ಬನ್, 104 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ ಎಂದುಕೊಳ್ಳಿ. ಅದು ಉರಿಯಲು 78 ಆಕ್ಸಿಜನ್ ಅಣುಗಳು ಬೇಕು. ಸಿಗುವುದು 55 ಕಾರ್ಬನ್ ಡೈಆಕ್ಸೈಡ್ ಅಣುಗಳು ಮತ್ತು 52 ನೀರಿನ ಅಣುಗಳು. ಮೀರ್‌ಮನ್ ಮತ್ತು ಬ್ರೌನ್ ಎಂಬಿಬ್ಬರು 2014ರಲ್ಲಿ ಈ ಲೆಕ್ಕವನ್ನು ವಿವರವಾಗಿ ಮಾಡಿ ಪ್ರಕಟಿಸಿದರು. 10 ಕಿಲೋ ಕೊಬ್ಬು ಕರಗಲು 29 ಕಿಲೋ ಆಕ್ಸಿಜನ್ ಉಸಿರಾಡಬೇಕು. ಕೊಬ್ಬಿನ ತೂಕದಲ್ಲಿ 8.4 ಕಿಲೋ ಕಾರ್ಬನ್ ಡೈಆಕ್ಸೈಡಾಗಿ ಶ್ವಾಸಕೋಶದಿಂದ, ಉಳಿದ 1.6 ಕಿಲೋ ನೀರಾಗಿ ಹೊರಹೋಗುತ್ತದೆ. ಸಾಂಟೋರಿಯೊ ಹುಡುಕುತ್ತಿದ್ದ ಮಾಯದ ತೂಕದಲ್ಲಿ ಇದೂ ಸೇರಿತ್ತು.

ಮನುಷ್ಯನನ್ನು ಕೂರಿಸಿದ ಕ್ಯಾಲರಿಮಾಪಕ

1840ರಲ್ಲಿ ಜರ್ಮನಿಯ ತರುಣ ವೈದ್ಯ ರಾಬರ್ಟ್ ಮೇಯರ್ ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋಗಿದ್ದ. ನಾವಿಕರ ರಕ್ತ ತೆಗೆದಾಗ ಅಭಿಧಮನಿಯ ರಕ್ತ ಎಂದಿಗಿಂತ ಹೆಚ್ಚು ಕೆಂಪಾಗಿರುವುದು ಅವನ ಗಮನಕ್ಕೆ ಬಂತು. ಬಿಸಿ ನಾಡಿನಲ್ಲಿ ಮೈ ಬೆಚ್ಚಗಿಡಲು ಕಡಿಮೆ ದಹನ ಸಾಕು, ಹಾಗಾಗಿ ರಕ್ತದ ಆಕ್ಸಿಜನ್ ಕಡಿಮೆ ಖರ್ಚಾಗಿದೆ ಎಂದು ಅವನು ತರ್ಕಿಸಿದ. ಆ ತರ್ಕವೇ ಬೆಳೆದು 1842ರಲ್ಲಿ ಶಕ್ತಿ ಸಂರಕ್ಷಣೆಯ ಕುರಿತ ಅವನ ಪ್ರಬಂಧವಾಯಿತು. ಜೂಲ್‌ನ ಪ್ರಯೋಗಗಳು, ಹೆಲ್ಮ್‌ಹೋಲ್ಟ್ಸ್‌ನ 1847ರ ಪ್ರಬಂಧ ಇವುಗಳೊಡನೆ ಆ ನಿಯಮ ನೆಲೆಯೂರಿತು. ನಾವು ಹಬೆಯಂತ್ರದ ಉದಾಹರಣೆಯಿಂದ ಕಲಿಸುವ ನಿಯಮದ ಒಂದು ಬೇರು ಮನುಷ್ಯನ ರಕ್ತದಲ್ಲಿದೆ.

ಆದರೆ ಜೀವಿಗಳಿಗೂ ಆ ನಿಯಮ ಅಕ್ಷರಶಃ ಅನ್ವಯಿಸುವುದೇ? 1894ರಲ್ಲಿ ಜರ್ಮನಿಯ ಮ್ಯಾಕ್ಸ್ ರುಬ್ನರ್ ನಾಯಿಯೊಂದನ್ನು ಕ್ಯಾಲರಿಮಾಪಕದಲ್ಲಿ ಹಲವು ದಿನ ಇರಿಸಿ, ಆಹಾರದಿಂದ ಬಂದ ಶಕ್ತಿ ಹಾಗೂ ಹೊರಬಂದ ಶಾಖದ ನಡುವಣ ವ್ಯತ್ಯಾಸ ಸರಾಸರಿಯಲ್ಲಿ ಶೇಕಡ ಒಂದಕ್ಕಿಂತ ಕಡಿಮೆ ಎಂದು ತೋರಿಸಿದ. ಮನುಷ್ಯನ ಮೇಲೆ ಅದೇ ಪರೀಕ್ಷೆ ಮಾಡಿದವನು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಅಟ್ವಾಟರ್. ಅವನ ಜೊತೆಗೂಡಿದವನು ಎಡ್ವರ್ಡ್ ರೋಸಾ ಎಂಬ ಭೌತವಿಜ್ಞಾನಿ.

1890ರ ದಶಕದಲ್ಲಿ ಅವರು ಕಟ್ಟಿದ್ದು ಸುಮಾರು ಏಳು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೋಣೆ. ಒಳಗೋಡೆ ತಾಮ್ರದ್ದು, ಹೊರಗೋಡೆ ಸತುವಿನದು. ಎರಡರ ಉಷ್ಣತೆಯನ್ನೂ ಸಮವಾಗಿ ಕಾಯ್ದುಕೊಂಡದ್ದರಿಂದ ಗೋಡೆಯ ಮೂಲಕ ಶಾಖ ಸೋರುವಂತಿರಲಿಲ್ಲ. ಒಳಗಿದ್ದವನ ಮೈಶಾಖವನ್ನು ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೀರಿಕೊಂಡು ಹೊರತರುತ್ತಿತ್ತು. ಆದರೆ ಅಷ್ಟೇ ಸಾಲದು. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 0.58 ಕಿಲೊಕ್ಯಾಲರಿ ಗುಪ್ತೋಷ್ಣವಾಗಿ ಗಾಳಿಯೊಡನೆ ಹೊರಟುಬಿಡುತ್ತದೆ. ಆದ್ದರಿಂದ ಗಾಳಿಯ ತೇವವನ್ನೂ ತೂಗಿದರು. ಒಳಗಿದ್ದವನು ಅಲ್ಲೇ ಉಣ್ಣುತ್ತಿದ್ದ, ಮಲಗುತ್ತಿದ್ದ, ಕೆಲವೊಮ್ಮೆ ಸ್ಥಿರ ಸೈಕಲ್ ತುಳಿಯುತ್ತಿದ್ದ. ಹಲವು ದಿನಗಳ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ ಆಯಕ್ಕೂ ವ್ಯಯಕ್ಕೂ ಇದ್ದ ಅಂತರ ಶೇಕಡ ಒಂದಕ್ಕಿಂತ ಕಡಿಮೆ. ಮೊದಲನೆಯ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆ ಎಂಬುದು ಹೀಗೆ ಪ್ರಯೋಗದಿಂದ ಖಚಿತವಾಯಿತು. ಆ ವಿದ್ಯಾರ್ಥಿನಿಗೆ ನಾನು ಹೇಳಿದ 'ನಿಯಮ ತಪ್ಪೋದಿಲ್ಲ' ಎಂಬ ಮಾತು ಸರಿಯಾದದ್ದು ಈ ಕಾರಣಕ್ಕೆ.

ಲೆಕ್ಕ ಅಡುಗೆಮನೆಗೆ ಬಂದದ್ದು

ಅಟ್ವಾಟರ್ ಆಹಾರದ ಮೂರು ಮುಖ್ಯ ಘಟಕಗಳಿಗೆ ಸುಲಭದ ಅಂಕಿಗಳನ್ನು ಕೊಟ್ಟ. ಒಂದು ಗ್ರಾಂ ಪ್ರೋಟೀನಿಗೆ 4, ಶರ್ಕರಪಿಷ್ಟಕ್ಕೆ 4, ಕೊಬ್ಬಿಗೆ 9 ಕಿಲೊಕ್ಯಾಲರಿ. ಇಂದಿಗೂ ಬಿಸ್ಕತ್ತಿನ ಪೊಟ್ಟಣದ ಮೇಲಿನ ಲೆಕ್ಕಕ್ಕೆ ಇವೇ ಆಧಾರ. ನಮ್ಮ ದೇಶಕ್ಕೆ ಇವು ಬಂದದ್ದು ನೀಲಗಿರಿಯ ಕೂನೂರಿನ ಪೌಷ್ಟಿಕತಾ ಪ್ರಯೋಗಾಲಯದ ಮೂಲಕ. ಅಲ್ಲಿನ ನಿರ್ದೇಶಕ ಏಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಕೈಪಿಡಿಯನ್ನು ಹೊರತಂದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಯಿತು.

ಅಟ್ವಾಟರ್‌ನ ಕಾಲದಲ್ಲಿ ವಿಟಮಿನ್‌ಗಳು ಗೊತ್ತಿರಲಿಲ್ಲ. ಶಕ್ತಿಯನ್ನಷ್ಟೇ ನೋಡಿದ ಅವನಿಗೆ ಸೊಪ್ಪು, ಹಣ್ಣು ದುಬಾರಿಯೆನಿಸಿದವು. ಕಾಸಿಗೆ ಹೆಚ್ಚು ಕ್ಯಾಲರಿ ಕೊಡುವ ಹಿಟ್ಟು, ಕಾಳುಗಳು ಅವನ ಮೆಚ್ಚಿಕೆ ಪಡೆದವು. ಕ್ಯಾಲರಿಯೊಂದರಿಂದಲೇ ಊಟವನ್ನು ಅಳೆದರೆ ಏನಾಗುತ್ತದೆ ಎಂಬುದಕ್ಕೆ ಇದು ಮೊದಲ ಎಚ್ಚರಿಕೆ. ಸಮತೋಲನ ಆಹಾರ ಎಂಬ ಕಲ್ಪನೆ ಬಲವಾದದ್ದು ಅವನ ನಂತರ.

1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಬರೆದ ಪುಸ್ತಕ ಅಮೆರಿಕದಲ್ಲಿ ಬಹಳ ಮಾರಾಟವಾಗಿ, ತೂಕ ಇಳಿಸಲು ಕ್ಯಾಲರಿ ಎಣಿಸುವ ಅಭ್ಯಾಸ ಮನೆಮನೆಗೆ ಹೋಯಿತು. 1958ರಲ್ಲಿ ವಿಷ್ನೊಫ್ಸ್ಕಿ ಎಂಬ ವೈದ್ಯ ಇನ್ನೊಂದು ಸರಳ ಲೆಕ್ಕ ಮಾಡಿದ. ಮೈಕೊಬ್ಬಿನ ಅಂಗಾಂಶದಲ್ಲಿ ನೂರಕ್ಕೆ 87 ಪಾಲಿನಷ್ಟು ಕೊಬ್ಬು, ಉಳಿದದ್ದು ಬಹುಪಾಲು ನೀರು. ಹಾಗಾಗಿ ಒಂದು ಪೌಂಡ್ ಇಳಿಸಲು ಸುಮಾರು 3,500, ಎಂದರೆ ಒಂದು ಕಿಲೋಗೆ 7,700 ಕಿಲೊಕ್ಯಾಲರಿಯ ಕೊರತೆ ಬೇಕು. ನನ್ನ ವಿದ್ಯಾರ್ಥಿನಿಯ ಸರಳರೇಖೆ ಹುಟ್ಟಿದ್ದು ಇದರಿಂದ. ಒಂದು ಕಿಲೋ ಅಂಗಾಂಶದಲ್ಲಿರುವ ಶಕ್ತಿಯ ಲೆಕ್ಕವಾಗಿ ಇದು ಸರಿ. ಆದರೆ ಇದನ್ನು ಕಾಲದ ಮೇಲೆ ಚಾಚಿ ಸರಳರೇಖೆ ಎಳೆದರೆ, ದೇಹದ ಖರ್ಚು ತಿಂಗಳುಗಟ್ಟಲೆ ಬದಲಾಗದೆ ಇರುತ್ತದೆಂದು ಭಾವಿಸಿದಂತಾಗುತ್ತದೆ. ಅದು ಹಾಗಿಲ್ಲ ಎಂಬುದು ಆ ವೇಳೆಗಾಗಲೇ ಗೊತ್ತಾಗಿತ್ತು.

ಮಿನ್ನೆಸೋಟದ 36 ಮಂದಿ

ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. ಯೂರೋಪಿನಲ್ಲಿ ಹಸಿವಿನಿಂದ ಕಂಗೆಟ್ಟ ಜನರನ್ನು ಹೇಗೆ ಮತ್ತೆ ಚೇತರಿಸುವಂತೆ ಮಾಡಬೇಕು ಎಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ ಒಂದು ಪ್ರಯೋಗ ಆರಂಭಿಸಿದ. ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ತರುಣರು ತಾವಾಗಿ ಮುಂದೆ ಬಂದರು. ಮೊದಲ ಹನ್ನೆರಡು ವಾರ ದಿನಕ್ಕೆ ಸುಮಾರು 3,200 ಕಿಲೊಕ್ಯಾಲರಿಯ ಊಟ. ಅನಂತರ 24 ವಾರ ಅದರ ಅರ್ಧದಷ್ಟು, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ.

ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆದರೆ ರೇಖೆ ನೇರವಾಗಿರಲಿಲ್ಲ. ಮೊದಲು ಬೇಗ ಇಳಿದು, ಬರಬರುತ್ತ ಚಪ್ಪಟೆಯಾಯಿತು. ಮೂಲ ಉಪಾಪಚಯ ದರ ಸುಮಾರು ಶೇಕಡ 40ರಷ್ಟು ಕುಸಿಯಿತು. ದೊಡ್ಡ ಪಾಲು ದೇಹವೇ ಚಿಕ್ಕದಾದುದರಿಂದ. ಉಳಿದದ್ದು ಇದ್ದ ಜೀವಕೋಶಗಳೂ ಖರ್ಚನ್ನು ಕಡಿಮೆ ಮಾಡಿಕೊಂಡುದರಿಂದ. ಅವರಿಗೆ ಸದಾ ಚಳಿ, ಆಯಾಸ. ಹಗಲಿರುಳು ಊಟದ್ದೇ ಯೋಚನೆ. ಪ್ರಯೋಗದ ನಂತರ ಹೊಟ್ಟೆತುಂಬ ಉಣ್ಣಲು ಬಿಟ್ಟಾಗ ಹಲವರ ಮೈಯಲ್ಲಿ ಮೊದಲಿದ್ದುದಕ್ಕಿಂತ ಹೆಚ್ಚು ಕೊಬ್ಬು ಸೇರಿತು. 1950ರಲ್ಲಿ ಎರಡು ಸಂಪುಟಗಳಲ್ಲಿ ಈ ವಿವರಗಳೆಲ್ಲ ಪ್ರಕಟವಾದವು. ಅವರು ಸ್ಥೂಲಕಾಯರಲ್ಲ, ಸಾಧಾರಣ ಮೈಕಟ್ಟಿನವರು ಎಂಬುದನ್ನು ಮರೆಯುವಂತಿಲ್ಲ. ಆದರೂ ಉಪವಾಸದಿಂದ ತೂಕ ಇಳಿಸಹೊರಟವರಿಗೆ ಅದರಲ್ಲಿ ಪಾಠವಿತ್ತು.

ಕುಡಿಯುವ ನೀರಿನಲ್ಲಿ ಅಳತೆ

ಕೋಣೆಯೊಳಗೆ ಕೂಡಿಹಾಕದೆ, ದಿನನಿತ್ಯದ ಬದುಕು ನಡೆಸುವ ಮನುಷ್ಯನ ಶಕ್ತಿಯ ಖರ್ಚನ್ನು ಅಳೆಯುವುದು ಹೇಗೆ? ಅದೇ ಮಿನ್ನೆಸೋಟ ವಿಶ್ವವಿದ್ಯಾಲಯದ ಲಿಫ್ಸನ್ ಮತ್ತು ಸಂಗಡಿಗರು 1955ರಲ್ಲಿ ಇಲಿಗಳ ಮೇಲೆ ಒಂದು ಜಾಣ ಉಪಾಯವನ್ನು ಪ್ರಯೋಗಿಸಿದರು. ಡ್ಯೂಟೀರಿಯಮ್ ಮತ್ತು ಆಕ್ಸಿಜನ್-18 ಎಂಬ ಸಮಸ್ಥಾನಿಗಳಿರುವ ನೀರನ್ನು ದೇಹಕ್ಕೆ ಸೇರಿಸುವುದು. ಡ್ಯೂಟೀರಿಯಮ್ ನೀರಾಗಿ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್-18 ನೀರಾಗಿಯೂ ಕಾರ್ಬನ್ ಡೈಆಕ್ಸೈಡಾಗಿಯೂ ಹೊರಹೋಗುತ್ತದೆ. ಎರಡೂ ಕಡಿಮೆಯಾಗುವ ದರಗಳ ವ್ಯತ್ಯಾಸವೇ ಕಾರ್ಬನ್ ಡೈಆಕ್ಸೈಡಿನ ಅಳತೆ. ಅದರಿಂದ ಶಕ್ತಿಯ ಖರ್ಚು ತಿಳಿಯುತ್ತದೆ. ಇವು ವಿಕಿರಣಶೀಲವಲ್ಲದ, ನಿರಪಾಯಕಾರಿ ಸಮಸ್ಥಾನಿಗಳು. ದ್ರವ್ಯರಾಶಿ ರೋಹಿತಮಾಪಕಗಳು ಸುಧಾರಿಸಿ, ಸ್ವಲ್ಪವೇ ಆಕ್ಸಿಜನ್-18 ಸಾಕೆಂದಾದಾಗ, 1982ರಲ್ಲಿ ಷೋಲರ್ ಇದನ್ನು ಮನುಷ್ಯರ ಮೇಲೆ ಪ್ರಯೋಗಿಸಿ ತೋರಿಸಿದ.

ಈ ಉಪಕರಣ ಹಲವು ನಂಬಿಕೆಗಳನ್ನು ಒರೆಗೆ ಹಚ್ಚಿತು. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ಪರೀಕ್ಷಿಸಲಾಯಿತು. ಅವರ ಉಪಾಪಚಯ ಸರಿಯಾಗಿಯೇ ಇತ್ತು; ಆದರೆ ತಾವು ತಿಂದದ್ದನ್ನು ಅವರು ಶೇಕಡ 47ರಷ್ಟು ಕಡಿಮೆಯಾಗಿಯೂ, ಮಾಡಿದ ಚಟುವಟಿಕೆಯನ್ನು ಶೇಕಡ 51ರಷ್ಟು ಹೆಚ್ಚಾಗಿಯೂ ಬರೆದಿದ್ದರು. ಇದು ಸುಳ್ಳಲ್ಲ, ಒಗ್ಗರಣೆಗೆ ಬಿದ್ದ ಎಣ್ಣೆಯನ್ನು ಕಣ್ಣಳತೆಯಲ್ಲಿ ಹೇಳುವುದು ಯಾರಿಗೂ ಕಷ್ಟ. ಇನ್ನೊಂದು ನಂಬಿಕೆ, ನಲವತ್ತು ದಾಟಿದೊಡನೆ ಉಪಾಪಚಯ ನಿಧಾನವಾಗುತ್ತದೆ ಎಂಬುದು. ಆರು ಸಾವಿರಕ್ಕೂ ಹೆಚ್ಚು ಜನರ ಇಂಥ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನವರೆಗೆ ಅದು ಹೆಚ್ಚುಕಡಿಮೆ ಸ್ಥಿರ.

ಬಾಗಿದ ರೇಖೆಯ ಅರ್ಥ

ಈಗ ಆ ಗ್ರಾಫ್ ಹಾಳೆಗೆ ಬರೋಣ. ತಳದಲ್ಲಿ ಸಣ್ಣ ತೂತಿರುವ ನೀರಿನ ತೊಟ್ಟಿಯೊಂದನ್ನು ಕಲ್ಪಿಸಿಕೊಳ್ಳಿ. ಮೇಲಿನ ನಲ್ಲಿಯಿಂದ ನೀರು ಬೀಳುತ್ತಿದೆ, ತೂತಿನಿಂದ ಸೋರುತ್ತಿದೆ. ಮಟ್ಟ ಹೆಚ್ಚಿದ್ದಷ್ಟೂ ಸೋರುವಿಕೆ ಹೆಚ್ಚು. ಎರಡೂ ಸಮವಾದಾಗ ಮಟ್ಟ ನಿಲ್ಲುತ್ತದೆ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಒಳಹರಿವನ್ನು ತಗ್ಗಿಸಿದರೆ ತೊಟ್ಟಿ ಬರಿದಾಗುವುದಿಲ್ಲ. ಮಟ್ಟ ಇಳಿದಂತೆ ಸೋರುವಿಕೆಯೂ ತಗ್ಗಿ, ಇನ್ನೊಂದು ಕೆಳಮಟ್ಟದಲ್ಲಿ ಹೊಸ ಸಮತೋಲ ಏರ್ಪಡುತ್ತದೆ. ದೇಹವೂ ಹಾಗೆಯೇ. ತೂಕ ಇಳಿದಾಗ ಹೊರಬೇಕಾದ ಭಾರ ಕಡಿಮೆ, ಬೆಚ್ಚಗಿಡಬೇಕಾದ ಅಂಗಾಂಶ ಕಡಿಮೆ. ಆದ್ದರಿಂದ ಖರ್ಚೂ ಕಡಿಮೆ. ಮೊದಲ ಎರಡು ವಾರ ಚುಕ್ಕಿಗಳು ರೇಖೆಗಿಂತ ಕೆಳಗಿದ್ದುದಕ್ಕೆ ಕಾರಣ ಗ್ಲೈಕೋಜನ್ ಮತ್ತು ಅದರೊಡನೆ ಹೊರಹೋದ ನೀರು, ಕೊಬ್ಬಲ್ಲ.

ಈ ವಿಚಾರಕ್ಕೆ ನಿಖರವಾದ ಗಣಿತರೂಪ ಕೊಟ್ಟವರಲ್ಲಿ ಮುಖ್ಯನಾದವನು ಕೆವಿನ್ ಹಾಲ್. ಆತ ಡಾಕ್ಟರೇಟ್ ಪಡೆದದ್ದು ಭೌತವಿಜ್ಞಾನದಲ್ಲಿ. ಅವನೂ ಸಂಗಡಿಗರೂ 2011ರಲ್ಲಿ ಪ್ರಕಟಿಸಿದ ಸ್ಥೂಲ ಸೂತ್ರ ಹೀಗಿದೆ: ದಿನದ ಆಹಾರದಲ್ಲಿ 24 ಕಿಲೊಕ್ಯಾಲರಿಯ (100 ಕಿಲೋಜೂಲ್) ಶಾಶ್ವತ ಇಳಿಕೆಗೆ ಕೊನೆಗೆ ಒಂದು ಕಿಲೋ ತೂಕ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ, ಶೇಕಡ 95ರಷ್ಟು ಇಳಿಯಲು ಸುಮಾರು ಮೂರು ವರ್ಷ ಬೇಕು. ದಿನಕ್ಕೆ 240 ಕಿಲೊಕ್ಯಾಲರಿ ಕಡಿಮೆ ಮಾಡಿದವರನ್ನು ತೆಗೆದುಕೊಳ್ಳಿ. ಹಳೆಯ ಸರಳರೇಖೆಯ ಪ್ರಕಾರ ವರ್ಷಕ್ಕೆ 11 ಕಿಲೋ ಇಳಿಯಬೇಕು. ಹತ್ತು ವರ್ಷಗಳಲ್ಲಿ 110 ಕಿಲೋ ಇಳಿದು ಮನುಷ್ಯನೇ ಇಲ್ಲವಾಗಬೇಕು! ಹೊಸ ಸೂತ್ರದಂತೆ ವರ್ಷದಲ್ಲಿ 5 ಕಿಲೋ, ಕೊನೆಗೆ 10 ಕಿಲೋ. ಹತ್ತು ಕಿಲೋ ನಿರೀಕ್ಷಿಸಿ ಐದು ಇಳಿದಾಗ ಆಕೆ ಸೋತಿರಲಿಲ್ಲ. ಚುಕ್ಕಿಗಳು ಬಾಗಿದ್ದು ನಿಯಮದಂತೆಯೇ. ತಪ್ಪಿದ್ದು ಆ ಸರಳರೇಖೆ. ಅದನ್ನು ಪ್ರಶ್ನಿಸದೆ ಆಕೆಯ ದಾಖಲೆಯನ್ನೇ ಅನುಮಾನಿಸಿದ್ದು ನಾನು.

ತೊಟ್ಟಿಗೂ ದೇಹಕ್ಕೂ ಒಂದು ದೊಡ್ಡ ವ್ಯತ್ಯಾಸವೂ ಇದೆ. ತೊಟ್ಟಿಗೆ ಹಸಿವಿಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆಮಾಡಿದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದ ಹೊರಟು ಮಿದುಳಿಗೆ ದಾಸ್ತಾನಿನ ಸುದ್ದಿ ಕೊಡುತ್ತದೆ. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿದು ಹಸಿವು ಏರುತ್ತದೆ. ಹಾಲ್ ತಂಡದ 2016ರ ಅಂದಾಜಿನಂತೆ ಇಳಿದ ಪ್ರತಿಯೊಂದು ಕಿಲೋಗೆ ದಿನದ ಖರ್ಚು 20ರಿಂದ 30 ಕಿಲೊಕ್ಯಾಲರಿ ತಗ್ಗಿದರೆ, ಹಸಿವು ಸುಮಾರು 100 ಕಿಲೊಕ್ಯಾಲರಿಯಷ್ಟು ಏರುತ್ತದೆ. ಇದನ್ನು ಬರೀ ಮನೋಬಲದಿಂದ ವರ್ಷಗಟ್ಟಲೆ ತಡೆಹಿಡಿಯುವುದು ಸುಲಭವಲ್ಲ. ಅಮೆರಿಕದ 'ದ ಬಿಗ್ಗೆಸ್ಟ್ ಲೂಸರ್' ಎಂಬ ಟಿ.ವಿ. ಸ್ಪರ್ಧೆಯಲ್ಲಿ ಕಠಿಣ ಪಥ್ಯ, ವ್ಯಾಯಾಮಗಳಿಂದ ಏಳು ತಿಂಗಳಲ್ಲಿ ಸರಾಸರಿ 58 ಕಿಲೋ ಇಳಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ವಿಶ್ರಾಂತಿಯ ಖರ್ಚು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಕಡಿಮೆಯಿತ್ತು. ಆತುರದ ಇಳಿಕೆ ಬಾಳಿಕೆ ಬರುವುದು ಕಷ್ಟ ಎಂಬುದಕ್ಕೆ ಇದೊಂದು ಸಾಕ್ಷ್ಯ.

ಊಟ, ನಡಿಗೆ ಮತ್ತು ನಾವು

ಹಾಗಾದರೆ ಉಪಾಯವೇನು? ಹಸಿವಿನೊಡನೆ ಹೋರಾಡುವ ಬದಲು ಅದನ್ನು ತಣಿಸುವ ಊಟವನ್ನು ಆರಿಸಿಕೊಳ್ಳುವುದು. 2019ರಲ್ಲಿ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಅಷ್ಟೊಂದು ಸಂಸ್ಕರಿಸದ ಆಹಾರವನ್ನೂ ಕೊಟ್ಟಿತು. ಬಡಿಸಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ, ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಹೆಚ್ಚು ತಿಂದರು. ನಮ್ಮ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಸಲಹೆಯಂತೆ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಹಾಲುಮೊಸರು ಮುಂತಾದವು. ಅನ್ನದ ರಾಶಿಯನ್ನು ತುಸು ತಗ್ಗಿಸಿ ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಹುಳಿ, ಸೊಪ್ಪಿನ ಪಲ್ಯಗಳನ್ನು ಹೆಚ್ಚಿಸಿದರೆ ನಮ್ಮ ಊಟವೇ ಅಂಥ ತಟ್ಟೆಯಾಗುತ್ತದೆ.

ವ್ಯಾಯಾಮದ ಮಾತು. 60 ಕಿಲೋ ತೂಕದವರು ಮೂರು ಮೀಟರ್ ಎತ್ತರದ ಒಂದು ಮಹಡಿ ಹತ್ತಿದರೆ ಮಾಡುವ ಕೆಲಸ ಸುಮಾರು 1,760 ಜೂಲ್. ಸ್ನಾಯುವಿನ ದಕ್ಷತೆ ಕಾಲುಭಾಗವೆಂದರೆ ಖರ್ಚು 1.7 ಕಿಲೊಕ್ಯಾಲರಿ. ಹತ್ತು ಗ್ರಾಂ ಎಣ್ಣೆಯ 90 ಕಿಲೊಕ್ಯಾಲರಿ ಕರಗಿಸಲು ಐವತ್ತಕ್ಕೂ ಹೆಚ್ಚು ಮಹಡಿ ಹತ್ತಬೇಕು! ವ್ಯಾಯಾಮವೊಂದರಿಂದಲೇ ತೂಕ ಇಳಿಸುವುದು ಏಕೆ ಕಷ್ಟ ಎಂಬುದು ಇದರಿಂದ ಸ್ಪಷ್ಟ. ಆದರೆ ಅದರ ಪ್ರಯೋಜನ ಬೇರೆ ಕಡೆ ಇದೆ. ತೂಕ ಇಳಿಯುವಾಗ ಸ್ನಾಯು ಕರಗದಂತೆ ಕಾಯುವುದು, ಇಳಿದ ತೂಕ ಮರಳದಂತೆ ನೋಡಿಕೊಳ್ಳುವುದು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ಮಾಡುವುದು ವ್ಯಾಯಾಮವೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ.

ಭಾರತೀಯರಿಗೆ ಇದು ಇನ್ನಷ್ಟು ಮುಖ್ಯ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ಜೊತೆಯಾಗಿ ನಿಂತ ಚಿತ್ರವೊಂದನ್ನು ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3, ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ 21.2. ತೆಳ್ಳಗೆ ಕಂಡರೂ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ನಡೆಸಿದ ಅಳತೆಗಳೂ, ಅಂತರರಾಷ್ಟ್ರೀಯ ಸಮೀಕರಣಗಳು ಭಾರತೀಯರ ಮೂಲ ಉಪಾಪಚಯ ದರವನ್ನು ಹೆಚ್ಚಾಗಿ ಅಂದಾಜಿಸುತ್ತವೆ ಎಂದು ತೋರಿಸಿದ್ದವು. ಊಟ ಬಿಟ್ಟು ಸ್ನಾಯುವನ್ನೂ ಕಳೆದುಕೊಳ್ಳುವ ಪಥ್ಯ ನಮಗೆ ಇನ್ನೂ ಹಾನಿಕರ.

ಸಮಾಧಾನದ ಸಂಗತಿಯೂ ಉಂಟು. ಚೆನ್ನೈನ ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಕ್ರಮ ಮತ್ತು ನಡಿಗೆಗಳಿಂದ ಮೂರು ವರ್ಷಗಳಲ್ಲಿ ಮಧುಮೇಹ ಬರುವ ಅಪಾಯ ಶೇಕಡ 28.5ರಷ್ಟು ತಗ್ಗಿತು. ಗಮನಾರ್ಹ ಅಂಶವೆಂದರೆ ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದಾಗಲೂ ದೇಹದೊಳಗೆ ಒಳ್ಳೆಯದು ನಡೆಯುತ್ತಿರುತ್ತದೆ.

ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ. ಮೊದಲನೆಯ ನಿಯಮದ ಪಾಠ ಮಾಡುವಾಗ ತೂತಿರುವ ಡಬ್ಬಿಯೊಂದನ್ನು ನಲ್ಲಿಯ ಕೆಳಗಿಟ್ಟು, ನಲ್ಲಿಯನ್ನು ತುಸು ತಿರುಗಿಸಿ, ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ವಿದ್ಯಾರ್ಥಿಗಳಿಂದಲೇ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ರೇಖೆ ಬಾಗುವುದನ್ನು ಅವರು ಕಣ್ಣಾರೆ ಕಾಣಲಿ. ತೂಕ ಇಳಿಸುವ ಹಂಬಲದಲ್ಲಿ ಊಟ ಬಿಡುತ್ತಿರುವ ಹುಡುಗನೋ ಹುಡುಗಿಯೋ ಆ ತರಗತಿಯಲ್ಲಿ ಇದ್ದೇ ಇರುತ್ತಾರೆ. 2006ರಲ್ಲಿ ನನ್ನ ಬಳಿಗೆ ಬಂದವಳಿಗೆ ನಾನು ಹೇಳಬೇಕಿದ್ದುದು ಇಷ್ಟು: "ನಿನ್ನ ಚುಕ್ಕಿಗಳು ಸರಿಯಾಗಿವೆಯಮ್ಮ, ರೇಖೆಯನ್ನ ಮತ್ತೆ ಎಳೆಯೋಣ. ಇವತ್ತು ರಾತ್ರಿ ಊಟ ಮಾಡು."